ಪರಂಗಿ ತೋಟ ಹೂ ಬಿಟ್ಟಾಗ: ಯಾವ ಗಿಡ ಉಳಿಸಬೇಕು, ಯಾವುದು ಕಡಿಯಬೇಕು?

ಕೊಯಮತ್ತೂರು: ಪರಂಗಿ ಸಸಿ ನೆಟ್ಟು ನಾಲ್ಕೈದು ತಿಂಗಳಾಗುವವರೆಗೆ ತೋಟದ ಗಿಡಗಳೆಲ್ಲ ನೋಡಲು ಒಂದೇ ಥರ. ಯಾವುದು ಗಂಡು, ಯಾವುದು ಹೆಣ್ಣು, ಯಾವುದು ಎರಡೂ ಸೇರಿದ ದ್ವಿಲಿಂಗಿ ಎಂಬುದು ಹೂ ಬಂದ ಮೇಲೆಯೇ ಗೊತ್ತಾಗುವುದು. ಆಗ ಕತ್ತಿ ಹಿಡಿದು ತೋಟಕ್ಕೆ ಇಳಿದ ರೈತ ತಪ್ಪು ಗಿಡ ಕಡಿದರೆ ಅಷ್ಟು ತಿಂಗಳ ನೀರು, ಗೊಬ್ಬರ, ಕೂಲಿ ಎಲ್ಲ ಹೋದಂತೆಯೇ. ಅದೇ ಗುಂಡಿಗೆ ಮತ್ತೆ ಸಸಿ ಇಟ್ಟರೂ ಅಕ್ಕಪಕ್ಕದ ಗಿಡಗಳ ನೆರಳಿನಲ್ಲಿ ಅದು ಸರಿಯಾಗಿ ಏಳುವುದಿಲ್ಲ.

ತಮಿಳಿನಲ್ಲಿ ಪಪ್ಪಾಳಿ, ಮೈಸೂರು ಸೀಮೆಯಲ್ಲಿ ಪರಂಗಿ, ಪೇಟೆಯಲ್ಲಿ ಪಪ್ಪಾಯಿ. ಮಧ್ಯ ಅಮೆರಿಕದ ಈ ಹಣ್ಣನ್ನು ನಮ್ಮ ಕಡೆಗೆ ತಂದವರು ಪೋರ್ಚುಗೀಸರು. ಪರಂಗಿ ಎಂಬ ಹೆಸರಿನಲ್ಲೇ ಆ ಗುರುತು ಉಳಿದಿದೆ. ಆದರೆ ಇಂದು ದೇಶದ ಪರಂಗಿ ತೋಟಗಳಲ್ಲಿ 'ಕೊ' ಎಂದು ಶುರುವಾಗುವ ತಳಿಗಳ ಹೆಸರೆಲ್ಲ ಕೊಯಮತ್ತೂರಿನದೇ. ಇಲ್ಲಿನ ಕೃಷಿ ಕಾಲೇಜು 1971ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವಾಯಿತು. ಮರುವರ್ಷ ಕೊ-1 ಬಂತು. 1979ರಲ್ಲಿ ಕೊ-2, 1983ರಲ್ಲಿ ಕೊ-3, 1997ರಲ್ಲಿ ಕೊ-7, 2011ರಲ್ಲಿ ಕೊ-8 ಬಿಡುಗಡೆಯಾದವು. ಈ ಅಂಕಿಗಳು ರೈತರಿಗೆ ಬೇಕಾಗಿರುವುದಕ್ಕೆ ಕಾರಣವಿದೆ. ಯಾವ ಗಿಡ ಕಡಿಯಬೇಕು ಎಂಬ ನಿಯಮ ತಳಿಯಿಂದ ತಳಿಗೆ ಬದಲಾಗುತ್ತದೆ.

ಹೂ ನೋಡಿ ಗುರುತು ಹಿಡಿಯುವುದು

ಗಂಡು ಗಿಡವನ್ನು ದೂರದಿಂದಲೇ ಹೇಳಬಹುದು. ಎಲೆಯ ಬುಡದಿಂದ ಉದ್ದನೆಯ, ಕವಲೊಡೆದ ಹೂಗೊಂಚಲು ಜೋತು ಬೀಳುತ್ತದೆ. ಅದರ ತುಂಬ ಸಣ್ಣ, ಸಪೂರ ಹೂಗಳು.

ಹೆಣ್ಣು ಗಿಡದಲ್ಲಿ ಹೂವಿನ ತೊಟ್ಟು ಗಿಡ್ಡ. ಹೂ ಕಾಂಡಕ್ಕೆ ಅಂಟಿಕೊಂಡಂತೆ ಒಂಟಿಯಾಗಿಯೋ ಎರಡು ಮೂರರ ಗುಂಪಾಗಿಯೋ ಕೂತಿರುತ್ತದೆ. ಮೊಗ್ಗಿನ ಬುಡ ದಪ್ಪ, ತುದಿ ಚೂಪು. ಬಿಡಿಸಿ ನೋಡಿದರೆ ಒಳಗೆ ದುಂಡನೆಯ ಎಳೆಗಾಯಿ, ಅದರ ತಲೆಯ ಮೇಲೆ ಕವಲು ಕವಲಾದ ಶಲಾಗ್ರ. ಪರಾಗಕೋಶ ಇರುವುದಿಲ್ಲ.

ತೊಂದರೆ ಇರುವುದು ದ್ವಿಲಿಂಗಿಯಲ್ಲಿ. ತಮಿಳಿನಲ್ಲಿ ಇದಕ್ಕೆ ಇರುಪಾಲ್ ಎನ್ನುತ್ತಾರೆ. ಇದರ ತೊಟ್ಟೂ ಗಿಡ್ಡವೇ, ಹೂವೂ ಕಾಂಡದ ಹತ್ತಿರವೇ. ಹಾಗಾಗಿ ಹೊಸಬರು ಹೆಣ್ಣೆಂದು ತಿಳಿಯುವುದುಂಟು. ಮೊಗ್ಗು ಮಾತ್ರ ಹೆಣ್ಣಿನದಕ್ಕಿಂತ ಉದ್ದ, ಬುಡದಲ್ಲಿ ಅಷ್ಟು ಉಬ್ಬಿರುವುದಿಲ್ಲ. ಎಸಳುಗಳು ಕೆಳಭಾಗದಲ್ಲಿ ಕೊಳವೆಯಂತೆ ಕೂಡಿಕೊಂಡಿರುತ್ತವೆ. ಅನುಮಾನವಿದ್ದರೆ ನಾಳೆ ನಾಡಿದ್ದು ಅರಳುವ ಮೊಗ್ಗೊಂದನ್ನು ಕಿತ್ತು ಉಗುರಿನಿಂದ ಉದ್ದಕ್ಕೆ ಸೀಳಿದರೆ ಸಾಕು. ನಡುವೆ ಉದ್ದನೆಯ ಎಳೆಗಾಯಿ, ಸುತ್ತ ಹಳದಿ ಪರಾಗಕೋಶ ಎರಡೂ ಕಂಡರೆ ಅದು ದ್ವಿಲಿಂಗಿ. ಒಂದೇ ಮೊಗ್ಗು ನೋಡಿ ತೀರ್ಮಾನಿಸಬಾರದು, ಕೆಲವು ದಿನ ಬಿಟ್ಟು ಎರಡು ಮೂರು ನೋಡಬೇಕು.

ಬೀಜದ ಬಣ್ಣ ನೋಡಿ, ಬೇರು ನೋಡಿ, ಸಸಿಯಲ್ಲೇ ಗಂಡು ಹೆಣ್ಣು ಹೇಳುತ್ತೇವೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಇದನ್ನು ನಂಬಿ ಸಸಿ ಕೀಳುವುದು ಬೇಡ. ಎಳೆ ಸಸಿಯ ಲಿಂಗವನ್ನು ಡಿಎನ್ಎ ಪರೀಕ್ಷೆಯಿಂದ ಹೇಳಬಹುದು ಎಂಬುದನ್ನು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು 1999ರಲ್ಲೇ ತೋರಿಸಿದ್ದರು. ಆದರೆ ಅದು ಪ್ರಯೋಗಾಲಯದ ಕೆಲಸ, ಬರಿಗಣ್ಣಿನದಲ್ಲ.

ತಳಿ ತಿಳಿಯದೆ ಕಡಿಯಬೇಡಿ

ಕೊ-1, ಕೊ-2, ಕೊ-5, ಕೊ-8 ತಳಿಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಇವುಗಳ ಬೀಜದಲ್ಲಿ ಸುಮಾರು ಅರ್ಧ ಗಂಡು, ಅರ್ಧ ಹೆಣ್ಣು. ಇಲ್ಲಿ ಗಂಡು ಗಿಡ ಕಡಿಯಬೇಕು, ಆದರೆ ಎಲ್ಲವನ್ನೂ ಅಲ್ಲ. ಇಪ್ಪತ್ತು ಹೆಣ್ಣಿಗೆ ಒಂದು ಗಂಡನ್ನು ತೋಟದಲ್ಲಿ ಅಲ್ಲಲ್ಲಿ ಚದುರಿದಂತೆ ಉಳಿಸಿಕೊಳ್ಳಬೇಕು ಎಂಬುದು ವಿಶ್ವವಿದ್ಯಾಲಯದ ಸಲಹೆ. ಗಂಡೇ ಬೇಡವೆಂದು ಪೂರ್ತಿ ತೆಗೆದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ.

ಕೊ-3 ಮತ್ತು ಕೊ-7 ಹಾಗಲ್ಲ. ಕೊ-2ನ್ನು ಹವಾಯಿಯ ಸನ್‌ರೈಸ್ ಸೋಲೋ ಜೊತೆ ಸೇರಿಸಿ ಪಡೆದದ್ದು ಕೊ-3. ಇವುಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಮಾತ್ರ ಇರುತ್ತವೆ, ಗಂಡು ಇರುವುದಿಲ್ಲ. ಕೊಡಗಿನ ಚೆಟ್ಟಳ್ಳಿ ಕೇಂದ್ರದ ಕೂರ್ಗ್ ಹನಿ ಡ್ಯೂ, ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸೂರ್ಯ ಮತ್ತು ಅರ್ಕಾ ಪ್ರಭಾತ್, ತೈವಾನಿನ ರೆಡ್ ಲೇಡಿ ಇವೂ ಇದೇ ಗುಂಪಿನವು. ಇಲ್ಲಿ ಉಳಿಸಬೇಕಾದದ್ದು ದ್ವಿಲಿಂಗಿ, ತೆಗೆಯಬೇಕಾದದ್ದು ಹೆಣ್ಣು. ಹೆಣ್ಣು ಗಿಡ ಕಡಿಯುವುದಕ್ಕೆ ಹಲವರ ಕೈ ಬರುವುದಿಲ್ಲ. ಆದರೆ ಹೆಣ್ಣಿನ ಕಾಯಿ ದುಂಡಗೆ, ಒಳಗೆ ಪೊಳ್ಳು ಹೆಚ್ಚು. ದ್ವಿಲಿಂಗಿಯ ಕಾಯಿ ಉದ್ದ, ತಿರುಳು ದಪ್ಪ, ಪೆಟ್ಟಿಗೆಯಲ್ಲಿ ಜೋಡಿಸಲೂ ಅನುಕೂಲ. ಹಣ್ಣಿನ ಮಂಡಿಯಲ್ಲಿ ಕೇಳುವುದು ಉದ್ದ ಕಾಯಿಯನ್ನೇ.

ಬೀಜ ದುಬಾರಿಯೆಂದು ಗುಂಡಿಗೆ ಒಂದೇ ಸಸಿ ಇಟ್ಟವರ ಮಾತು ಬೇರೆ. ಇರುವ ಒಂದು ಗಿಡ ಹೆಣ್ಣಾದರೆ ಅದನ್ನು ಕಡಿದು ಗುಂಡಿ ಖಾಲಿ ಬಿಡುವುದಕ್ಕಿಂತ ಉಳಿಸಿಕೊಳ್ಳುವುದೇ ಲೇಸು. ಪಕ್ಕದ ದ್ವಿಲಿಂಗಿಗಳಿಂದ ಪರಾಗ ಸಿಗುತ್ತದೆ. ದುಂಡು ಕಾಯಿ ಊರ ಸಂತೆಗೆ, ಟೂಟಿ ಫ್ರೂಟಿಗೆ ಹೋಗುತ್ತದೆ.

'ನೂರಕ್ಕೆ ನೂರು' ಎಂಬ ಮಾತು

ಬೀಜದ ಪೊಟ್ಟಣ ಮಾರುವವರು ಕೆಲವೊಮ್ಮೆ ನೂರಕ್ಕೆ ನೂರು ಎನ್ನುತ್ತಾರೆ. ಎಲ್ಲ ಗಿಡವೂ ಕಾಯಿ ಬಿಡುತ್ತದೆ ಎಂಬ ಅರ್ಥದಲ್ಲಾದರೆ ಸರಿ. ಎಲ್ಲವೂ ದ್ವಿಲಿಂಗಿ ಎಂದರೆ ಅದು ಸುಳ್ಳು. ಪರಂಗಿಯಲ್ಲಿ ದ್ವಿಲಿಂಗಿ ಗುಣ ತಾಯಿಯಿಂದಲೂ ತಂದೆಯಿಂದಲೂ ಎರಡು ಪಾಲು ಬಂದರೆ ಆ ಭ್ರೂಣ ಬೀಜದಲ್ಲೇ ಸಾಯುತ್ತದೆ. ಇದನ್ನು 1938ರಲ್ಲಿ ದಕ್ಷಿಣ ಆಫ್ರಿಕದ ಹಾಫ್‌ಮೇಯರ್ ಮತ್ತು ಹವಾಯಿಯ ಸ್ಟೋರಿ ಬೇರೆ ಬೇರೆಯಾಗಿ ತೋರಿಸಿದರು. ಹಾಗಾಗಿ ಬದುಕಿರುವ ಪ್ರತಿ ದ್ವಿಲಿಂಗಿಯೊಳಗೂ ಹೆಣ್ಣಿನ ಪಾಲೊಂದು ಇದ್ದೇ ಇರುತ್ತದೆ. ಅದರದೇ ಪರಾಗದಿಂದ ಕಟ್ಟಿದ ಬೀಜದಲ್ಲಿ ಮೂರರಲ್ಲಿ ಎರಡು ದ್ವಿಲಿಂಗಿ, ಒಂದು ಹೆಣ್ಣು. ಹೆಣ್ಣು ಗಿಡಕ್ಕೆ ದ್ವಿಲಿಂಗಿಯ ಪರಾಗ ಬಿದ್ದರೆ ಅರ್ಧಕ್ಕೆ ಅರ್ಧ.

ಗುಂಡಿಗೆ ಎರಡು ಮೂರು ಸಸಿ ಇಡುವ ಪದ್ಧತಿ ಬಂದದ್ದು ಈ ಲೆಕ್ಕದಿಂದಲೇ. ಮೂರರಲ್ಲಿ ಎರಡು ದ್ವಿಲಿಂಗಿ ಬರುವ ಬೀಜವಾದರೆ, ಗುಂಡಿಗೆ ಎರಡು ಸಸಿ ಇಟ್ಟಾಗ 100 ಗುಂಡಿಯಲ್ಲಿ 89ರಲ್ಲಿ, ಮೂರು ಇಟ್ಟಾಗ 96ರಲ್ಲಿ ಒಂದಾದರೂ ದ್ವಿಲಿಂಗಿ ಸಿಗುತ್ತದೆ. ಕೊ-8ರಂಥ ಗಂಡು ಹೆಣ್ಣು ಬೇರೆಯಾದ ತಳಿಯಲ್ಲಿ ಮೂರು ಸಸಿ ಇಟ್ಟರೆ 100ರಲ್ಲಿ 87 ಗುಂಡಿಗೆ ಹೆಣ್ಣು ಖಾತ್ರಿ.

ಏಪ್ರಿಲ್‌ನಲ್ಲಿ ಗಂಡಾಗುವ ಗಿಡ

ಈ ಭಾಗದ ತೋಟಗಳಲ್ಲಿ ಹೆಚ್ಚು ನಷ್ಟವಾಗಬಹುದಾದ ಕಡೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಟ್ಟ ತೋಟ ಚಳಿಗಾಲದಲ್ಲಿ ಚೆನ್ನಾಗಿಯೇ ಹೂ ಬಿಟ್ಟು ಕಾಯಿ ಕಚ್ಚುತ್ತದೆ. ಮಾರ್ಚ್ ಕಳೆದು ಪಲ್ಲಡಂ, ಕಾಂಗೇಯಂ, ಧಾರಾಪುರಂ ಕಡೆ ಬಿಸಿಲು 35 ಡಿಗ್ರಿ ದಾಟಿ, ಬಾವಿ ನೀರು ತಳ ಕಂಡಾಗ ದ್ವಿಲಿಂಗಿ ಗಿಡಗಳ ಹೂ ಸಪೂರವಾಗುತ್ತದೆ. ಸೀಳಿ ನೋಡಿದರೆ ಪರಾಗಕೋಶ ಇದೆ, ನಡುವಿನ ಎಳೆಗಾಯಿ ಸೊರಗಿ ಕಡ್ಡಿಯಂತಾಗಿದೆ. ಹೂವೆಲ್ಲ ಉದುರುತ್ತದೆ. ಗಿಡ ಗಂಡಾಗಿಬಿಟ್ಟಿತು ಎಂದು ಕಡಿದು ಹಾಕುವವರಿದ್ದಾರೆ.

ಕಡಿಯಬಾರದು. ಗಿಡದ ಜಾತಿ ಬದಲಾಗಿಲ್ಲ, ಸೆಕೆಗೂ ನೀರಿನ ಕೊರತೆಗೂ ಅದು ಹೆಣ್ಣಿನ ಭಾಗವನ್ನು ಕೈಬಿಟ್ಟಿದೆ ಅಷ್ಟೆ. ಗುರುತು ಸುಲಭ: ನಿಜವಾದ ಗಂಡಿನ ಗೊಂಚಲು ಉದ್ದಕ್ಕೆ ಜೋತಾಡುತ್ತದೆ, ಇದರ ತೊಟ್ಟು ಗಿಡ್ಡವಾಗಿಯೇ ಇರುತ್ತದೆ. ಕೆಳಗೆ ಚಳಿಗಾಲದ ಕಾಯಿಗಳೂ ಇರುತ್ತವೆ. ಮಳೆ ಬಿದ್ದು ತಂಪಾದ ಮೇಲೆ ಮತ್ತೆ ಕಾಯಿ ಕಟ್ಟುತ್ತದೆ. ಕಾಂಡದ ನಡುವೆ ಒಂದಷ್ಟು ಉದ್ದ ಕಾಯಿಯಿಲ್ಲದೆ ಬೋಳಾಗಿರುವುದು ಆ ಬೇಸಿಗೆಯ ಗುರುತು.

ಒಂದು ವಿಷಯ ಗಮನದಲ್ಲಿರಲಿ. ಹೂವಿನ ಸ್ವರೂಪ ಅದು ಅರಳುವುದಕ್ಕೆ ಎಷ್ಟೋ ವಾರ ಮೊದಲೇ ಮೊಗ್ಗಿನಲ್ಲಿ ನಿರ್ಧಾರವಾಗಿರುತ್ತದೆ. ಆದ್ದರಿಂದ ಹೂ ಉದುರುವುದು ಕಂಡ ಮೇಲೆ ನೀರು ಹೆಚ್ಚಿಸಿದರೆ ಆ ಹೂ ಉಳಿಯುವುದಿಲ್ಲ, ಮುಂದಿನ ಹೂವಿಗೆ ಮಾತ್ರ ಉಪಯೋಗ. ಫೆಬ್ರವರಿಯಿಂದಲೇ ಡ್ರಿಪ್ ನೀರು ತಪ್ಪದಂತೆ ನೋಡಿಕೊಂಡು ಬುಡಕ್ಕೆ ತರಗು, ತೆಂಗಿನ ಗರಿ ಮುಚ್ಚಿದವರಿಗೆ ನಷ್ಟ ಕಡಿಮೆ. ಹೆಣ್ಣು ಗಿಡಗಳು ಹೀಗೆ ಬದಲಾಗುವುದಿಲ್ಲ. ನೀರು ನಂಬಲಾಗದ ಒಣ ಭೂಮಿಯಲ್ಲಿ ಕೊ-8ರಂಥ ಹೆಣ್ಣು-ಗಂಡು ತಳಿಯೇ ವಾಸಿ ಎನ್ನುವುದಕ್ಕೆ ಇದೊಂದು ಕಾರಣ.

ಘಟ್ಟದ ಮೇಲೆ, ತಾಳವಾಡಿ, ಗುಂಡ್ಲುಪೇಟೆ ಕಡೆ ಚಳಿಗಾಲದ ರಾತ್ರಿ ತಂಪು. ಅಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಬರಬಹುದು. ತಂಪು, ಹೆಚ್ಚು ತೇವ, ಹೆಚ್ಚು ಯೂರಿಯಾ ಸೇರಿದರೆ ಕೇಸರಗಳು ಎಳೆಗಾಯಿಗೆ ಅಂಟಿಕೊಂಡು ಬೆಳೆದು ಕಾಯಿ ಸೊಟ್ಟಗೆ, ಗೀರು ಬಿದ್ದು ಬರುತ್ತದೆ. ಅಂಥ ಕಾಯಿಯನ್ನು ಎಳೆಯದರಲ್ಲೇ ಕಿತ್ತು ಹಾಕಬೇಕು. ಗಿಡ ಕಡಿಯುವ ಅಗತ್ಯವಿಲ್ಲ.

ಮೊಳೆ ಹೊಡೆಯುವುದು

ಗಂಡು ಪರಂಗಿಗೆ ಕಬ್ಬಿಣದ ಮೊಳೆ ಹೊಡೆದರೆ ಹೆಣ್ಣಾಗುತ್ತದೆ ಎಂಬ ನಂಬಿಕೆ ಎರಡೂ ಭಾಷೆಯವರಲ್ಲಿದೆ. ಕೆಲವು ಗಂಡು ಗಿಡಗಳು ಹವೆ ಬದಲಾದಾಗ ಗೊಂಚಲಿನ ತುದಿಯಲ್ಲಿ ತಾವಾಗಿಯೇ ಒಂದೆರಡು ಕಾಯಿ ಬಿಡುತ್ತವೆ. ಮೊಳೆ ಹೊಡೆದ ಗಿಡದಲ್ಲಿ ಇದು ಕಂಡರೆ ಹೆಸರು ಮೊಳೆಗೆ ಬರುತ್ತದೆ. ಹಿತ್ತಲಿನ ಒಂದು ಗಿಡಕ್ಕೆ ಯಾರಾದರೂ ಹೊಡೆದು ನೋಡಲಿ. ಎಕರೆ ತೋಟದಲ್ಲಿ ಅದನ್ನು ನಂಬಿ ಗಂಡು ಗಿಡಗಳಿಗೆ ಗೊಬ್ಬರ ಹಾಕುತ್ತ ಕೂರುವುದು ದುಡ್ಡು ಕಳೆಯುವ ದಾರಿ.

ಗಂಡು ಹೆಣ್ಣು ಬೇರೆಯಾಗಿರುವುದು ಪರಂಗಿಯೊಂದರಲ್ಲೇ ಅಲ್ಲ. ತಾಳೆ, ತೊಂಡೆ, ಪೊಳ್ಳಾಚಿ ಆನೈಮಲೆ ಕಡೆ ತೆಂಗಿನ ನಡುವೆ ಬೆಳೆಯುವ ಜಾಯಿಕಾಯಿ ಎಲ್ಲವೂ ಹಾಗೆಯೇ. ಗಾಂಜಾ ಗಿಡವೂ ಈ ಸಾಲಿನದು. ಅದರ ಹೆಣ್ಣು ಗಿಡ ಒತ್ತಡಕ್ಕೆ ಸಿಕ್ಕಿದಾಗ ಗಂಡು ಹೂ ಬಿಡುವುದನ್ನು ಸಸ್ಯಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಆದರೆ 1985ರ ಮಾದಕ ವಸ್ತು ಕಾಯ್ದೆಯಂತೆ ಅನುಮತಿಯಿಲ್ಲದೆ ಅದನ್ನು ಬೆಳೆಯುವುದು ಜೈಲು ಶಿಕ್ಷೆಯ ಅಪರಾಧ.

ಕಡಿಯುವುದು, ಆಮೇಲಿನ ಕೆಲಸ

ಬೇಡದ ಗಿಡವನ್ನು ಕೀಳುವ ಬದಲು ನೆಲಮಟ್ಟಕ್ಕೆ ಕತ್ತರಿಸಬೇಕು. ಒಂದೇ ಗುಂಡಿಯ ಗಿಡಗಳ ಬೇರು ಹೆಣೆದುಕೊಂಡಿರುವುದರಿಂದ ಕಿತ್ತರೆ ಉಳಿಯುವ ಗಿಡವೂ ಅಲುಗುತ್ತದೆ. ಹಾಲು ಕಣ್ಣಿಗೆ, ಮೈಗೆ ತಾಗದಂತೆ ಎಚ್ಚರ ಬೇಕು. ಮುಖ್ಯ ಗೊಬ್ಬರ ಕೊಡುವುದು ಬೇಡದ ಗಿಡ ತೆಗೆದ ಮೇಲೆಯೇ. ಗಿಡಕ್ಕೆ 50 ಗ್ರಾಂ ಸಾರಜನಕ, 50 ಗ್ರಾಂ ರಂಜಕ, 50 ಗ್ರಾಂ ಪೊಟ್ಯಾಷ್ ಅನ್ನು ಎರಡು ತಿಂಗಳಿಗೊಮ್ಮೆ ಕೊಡಲು ವಿಶ್ವವಿದ್ಯಾಲಯ ಹೇಳುತ್ತದೆ.

ಸ್ವಂತ ಬೀಜ ಮಾಡಿಕೊಳ್ಳುವವರು ಕೊ-7ರ ಒಳ್ಳೆಯ ದ್ವಿಲಿಂಗಿ ಗಿಡ ಆರಿಸಿ, ಅರಳುವ ಮುನ್ನವೇ ಮೊಗ್ಗಿಗೆ ಬೆಣ್ಣೆ ಕಾಗದದ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ಗುರುತಿಗೆ ದಾರ ಕಟ್ಟಬೇಕು. ಚೀಲ ಕಟ್ಟದ ಕಾಯಿಯ ಬೀಜದಲ್ಲಿ ಪಕ್ಕದ ತೋಟದ ಗಂಡು ಪರಂಗಿಯ ಪರಾಗ ಬೆರೆತಿದ್ದರೆ ಮುಂದಿನ ವರ್ಷ ಮೂರೂ ಬಗೆಯ ಗಿಡ ಏಳುತ್ತದೆ. ರೆಡ್ ಲೇಡಿ ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಬಿತ್ತಿದರೆ ತಾಯಿಯಂಥ ಗಿಡ ಬರುವುದಿಲ್ಲ. ಪ್ರತಿ ಸಲ ಹೊಸ ಪೊಟ್ಟಣವನ್ನೇ ಕೊಳ್ಳಬೇಕಾಗುತ್ತದೆ.