ಕರುಳಿನ ಒಳಪದರದಿಂದ ಪ್ರತಿರಕ್ಷಣಾ ಕೋಶಗಳ ಪ್ರತ್ಯೇಕೀಕರಣ

ಕರುಳಿನ ಒಳಪದರದಿಂದ ಪ್ರತಿರಕ್ಷಣಾ ಕೋಶಗಳ ಪ್ರತ್ಯೇಕೀಕರಣವು ಕರುಳಿನ ಲೋಳೆಪೊರೆಯಲ್ಲಿ ನೆಲೆಸಿರುವ ಲಿಂಫೋಸೈಟ್ ಮೊದಲಾದ ಕೋಶಗಳನ್ನು ಜೀವಂತವಾಗಿ ಬೇರ್ಪಡಿಸುವ ಪ್ರಯೋಗಾಲಯ ವಿಧಾನವಾಗಿದೆ. ಸೀಲಿಯಾಕ್ ಕಾಯಿಲೆ, ಕ್ರೋನ್ಸ್ ಕಾಯಿಲೆ ಹಾಗೂ ಕರುಳಿನ ಸೋಂಕುಗಳ ಅಧ್ಯಯನದಲ್ಲಿ ಇದನ್ನು ಬಳಸುತ್ತಾರೆ. ಇದಕ್ಕಾಗಿ ಸಾಮಾನ್ಯವಾಗಿ ಇಲಿಯ ಸಣ್ಣ ಕರುಳನ್ನು ಅಥವಾ ಮನುಷ್ಯರಿಂದ ಪಡೆದ ಬಯಾಪ್ಸಿ ಅಂಗಾಂಶವನ್ನು ಆಯ್ದುಕೊಳ್ಳಲಾಗುತ್ತದೆ.

ಕೋಶಗಳ ನೆಲೆ

ಈ ಕೋಶಗಳು ಮುಖ್ಯವಾಗಿ ಎರಡು ಸ್ತರಗಳಲ್ಲಿವೆ. ಅನುಲೇಪಕ ಕೋಶಗಳ ನಡುವೆ ಇರುವವು ಅಂತರ-ಅನುಲೇಪಕ ಲಿಂಫೋಸೈಟ್‌ಗಳು; ಇವುಗಳಲ್ಲಿ ಹೆಚ್ಚಿನವು ಟಿ ಕೋಶಗಳು. ಅದರ ಕೆಳಗಿನ ಸಂಯೋಜಕ ಅಂಗಾಂಶವಾದ ಲ್ಯಾಮಿನಾ ಪ್ರೊಪ್ರಿಯಾದಲ್ಲಿ ಟಿ ಕೋಶ, ಪ್ಲಾಸ್ಮಾ ಕೋಶ, ಮ್ಯಾಕ್ರೋಫೇಜ್ ಮುಂತಾದವು ಇರುತ್ತವೆ. ಇವೆರಡರ ಕಾರ್ಯ ಭಿನ್ನವಾದುದರಿಂದ ಅವುಗಳನ್ನು ಬೇರೆ ಬೇರೆಯಾಗಿಯೇ ಪಡೆಯಬೇಕು.

ವಿಧಾನ

ಮೊದಲು ಕೊಬ್ಬನ್ನೂ ಪೇಯರ್ ತೇಪೆಗಳನ್ನೂ ಕತ್ತರಿಸಿ ತೆಗೆಯುತ್ತಾರೆ. ಈ ತೇಪೆಗಳು ಬಿ ಕೋಶಗಳ ದಟ್ಟ ಗುಂಪುಗಳಾಗಿದ್ದು, ಉಳಿದುಕೊಂಡರೆ ಫಲಿತಾಂಶ ದಾರಿ ತಪ್ಪುತ್ತದೆ. ಬಳಿಕ ಕರುಳನ್ನು ಉದ್ದಕ್ಕೆ ಸೀಳಿ, ತೊಳೆದು, ಸಣ್ಣ ತುಂಡುಗಳನ್ನಾಗಿ ಮಾಡಲಾಗುತ್ತದೆ.

ತುಂಡುಗಳನ್ನು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇಲ್ಲದ ದ್ರಾವಣದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತಾರೆ. ದ್ರಾವಣದಲ್ಲಿರುವ ಡೈಥಯೋಥ್ರೈಟಾಲ್ ಲೋಳೆಯನ್ನು ಸಡಿಲಿಸುತ್ತದೆ. ಇಡಿಟಿಎ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಡುವುದರಿಂದ ಅನುಲೇಪಕ ಕೋಶಗಳ ಬಂಧ ಕಳಚುತ್ತದೆ. ಶೋಧಿಸಿದ ದ್ರವದಲ್ಲಿ ಅಂತರ-ಅನುಲೇಪಕ ಲಿಂಫೋಸೈಟ್‌ಗಳು ದೊರೆಯುತ್ತವೆ.

ಉಳಿದ ಅಂಗಾಂಶವನ್ನು ಕೊಲಾಜಿನೇಸ್ ಕಿಣ್ವದಿಂದ ಜೀರ್ಣಿಸಿದಾಗ ಲ್ಯಾಮಿನಾ ಪ್ರೊಪ್ರಿಯಾದ ಕೋಶಗಳು ಬಿಡುಗಡೆಯಾಗುತ್ತವೆ. ಸತ್ತ ಕೋಶಗಳ ಡಿಎನ್‌ಎ ಅಂಟಿನಂತೆ ವರ್ತಿಸಿ ಗಂಟುಗಳನ್ನು ಉಂಟುಮಾಡುವುದರಿಂದ ಡಿಎನ್‌ಏಸ್ ಕಿಣ್ವವನ್ನೂ ಸೇರಿಸಲಾಗುತ್ತದೆ.

ಶುದ್ಧೀಕರಣ ಮತ್ತು ಗುರುತಿಸುವಿಕೆ

ಶೇಕಡಾ 40 ಮತ್ತು 80ರ ಪರ್ಕಾಲ್ ದ್ರಾವಣಗಳ ಪದರಗಳಲ್ಲಿ ಕೋಶಗಳನ್ನು ಅಪಕೇಂದ್ರಕದಲ್ಲಿ ತಿರುಗಿಸುವುದು ರೂಢಿ. ಅನುಲೇಪಕ ಕೋಶಗಳು ಮತ್ತು ಚೂರುಗಳು ಹೆಚ್ಚಾಗಿ ಮೇಲೆ ತೇಲುತ್ತವೆ. ಲಿಂಫೋಸೈಟ್‌ಗಳು ಎರಡು ಪದರಗಳ ಸಂಧಿಯಲ್ಲಿ ಸೇರುತ್ತವೆ. ಪದರಗಳು ಕಲಕದಂತೆ ಯಂತ್ರವನ್ನು ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಬೇಕು. ನಂತರ ಫ್ಲೋ ಸೈಟೋಮೆಟ್ರಿಯಲ್ಲಿ ಬಿಳಿ ರಕ್ತಕಣಗಳ ಗುರುತಾದ ಸಿಡಿ45 ಮತ್ತು ಟಿ ಕೋಶಗಳ ಗುರುತಾದ ಸಿಡಿ3 ಪ್ರೋಟೀನ್‌ಗಳನ್ನು ಪರೀಕ್ಷಿಸುತ್ತಾರೆ. ಸತ್ತ ಕೋಶಗಳನ್ನು ವಿಶೇಷ ಬಣ್ಣದಿಂದ ಗುರುತಿಸಿ ಎಣಿಕೆಯಿಂದ ಹೊರಗಿಡುತ್ತಾರೆ.

ಮಿತಿಗಳು

ಜೀರ್ಣಕ್ರಿಯೆ ಕಡಿಮೆಯಾದರೆ ಕೋಶಗಳು ಅಂಗಾಂಶದಲ್ಲೇ ಉಳಿಯುತ್ತವೆ. ಹೆಚ್ಚಾದರೆ ಕೋಶಗಳು ಸಾಯುತ್ತವೆ ಅಥವಾ ಅವುಗಳ ಮೇಲ್ಮೈ ಪ್ರೋಟೀನ್‌ಗಳು ತುಂಡಾಗುತ್ತವೆ. ಆಗ ಇರುವ ಕೋಶವೂ ಇಲ್ಲವೆಂದೇ ದಾಖಲಾಗಬಹುದು. ಉರಿಯೂತವಿರುವ ಕರುಳು ಆರೋಗ್ಯವಂತ ಕರುಳಿಗಿಂತ ಭಿನ್ನವಾಗಿ ಜೀರ್ಣಗೊಳ್ಳುವುದರಿಂದ, ಎರಡನ್ನೂ ಹೋಲಿಸುವಾಗ ದೊರೆತ ಕೋಶಗಳ ಸಂಖ್ಯೆಯನ್ನು ಎಚ್ಚರಿಕೆಯಿಂದ ಅರ್ಥೈಸಬೇಕಾಗುತ್ತದೆ. ಅಂಗಾಂಶದಲ್ಲಿ ಕೋಶಗಳಿದ್ದ ಸ್ಥಾನದ ಮಾಹಿತಿಯೂ ಈ ವಿಧಾನದಲ್ಲಿ ನಷ್ಟವಾಗುತ್ತದೆ. ಅದಕ್ಕಾಗಿ ಸೂಕ್ಷ್ಮದರ್ಶಕದ ಅಧ್ಯಯನವನ್ನು ಜೊತೆಗೆ ನಡೆಸುವುದುಂಟು.