ಸೈಲೆಂಟ್ ಕೀ: ಹೋದ ಗೆಳೆಯರ ಲೆಕ್ಕ ಯಾರ ಪುಸ್ತಕದಾಗ ಇರ್ತದ?

(1/5)
ಯಾರಾದರೂ ತೀರಿಕೊಂಡ್ರೆ ನಮ್ಮ ಬಿಜ್ಜರಗಿ ಕಡೆ ಏನಂತಾರ? ‘ಲಿಂಗೈಕ್ಯರಾದ್ರು’ ಅಂತಾರ, ‘ಕೈಲಾಸವಾಸಿ’ ಅಂತ ಬರಸ್ತಾರ, ಮರುದಿನ ಬಸ್‌ಸ್ಟ್ಯಾಂಡ್ ಹತ್ರ ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಫ್ಲೆಕ್ಸ್ ಏಳ್ತದ. ಹ್ಯಾಮ್ ರೇಡಿಯೊ ಮಂದಿಗೆ ಇದಕ್ಕ ತಮ್ಮದೇ ಒಂದು ಮಾತು ಅದ: ‘ಸೈಲೆಂಟ್ ಕೀ’. ಹೋದವರ ಕರೆಗುರುತಿನ ಮುಂದೆ ‘ಎಸ್‌ಕೆ’ ಅಂತ ಎರಡೇ ಅಕ್ಷರ ಬರೀತಾರೆ. ಜಪಾನಿನ ಹ್ಯಾಮ್ ಇರಲಿ, ಬೆಂಗಳೂರಿನ ಹ್ಯಾಮ್ ಇರಲಿ, ಅಷ್ಟು ನೋಡಿದರೆ ಸಾಕು, ಅರ್ಥ ಆಗ್ತದ.

ಹ್ಯಾಮ್ ಅಂದ್ರ ಏನು ಅಂತ ಕೇಳೋರಿಗೆ: ಸರ್ಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ತಗೊಂಡು, ಮನೆಯಲ್ಲೇ ರೇಡಿಯೊ ಸೆಟ್ ಇಟ್ಟುಕೊಂಡು ದೂರದವರ ಜೊತೆ ಮಾತಾಡೋ ಹವ್ಯಾಸಿಗಳು. ಮೊಬೈಲ್ ಕಂಪನಿ ಇಲ್ಲ, ರೀಚಾರ್ಜ್ ಇಲ್ಲ, ಇದರಿಂದ ರೊಕ್ಕ ಗಳಿಸೋ ಹಂಗೂ ಇಲ್ಲ. ಪ್ರತಿಯೊಬ್ಬರಿಗೂ ಒಂದು ಕರೆಗುರುತು ಸಿಗ್ತದ. ನಮ್ಮ ದೇಶದ್ದು ಸಾಮಾನ್ಯವಾಗಿ ‘ವಿಯು’ ಅಂತ ಶುರುವಾಗ್ತದ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ‘ನಿಮ್ಮವರು ಬದುಕಿದ್ದಾರೆ’ ಅನ್ನೋ ಸುದ್ದಿ ದಾಟಿಸಿದವರಲ್ಲಿ ಇಂಥ ಹವ್ಯಾಸಿಗಳೂ ಇದ್ದರು.

(2/5)
ಈ ‘ಕೀ’ ಬೀಗದ ಕೀಲಿ ಅಲ್ರಿ. ತಂತಿ ಕಚೇರಿಯಲ್ಲಿ ಟಕ್ ಟಕ್ ಅಂತ ಮೋರ್ಸ್ ಸಂಕೇತ ಒತ್ತೋ ಸಣ್ಣ ಹಿಡಿಕೆ. ನಮ್ಮ ದೇಶದಲ್ಲಿ 1850ರಲ್ಲಿ ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ಪ್ರಯೋಗಕ್ಕೆ ಮೊದಲ ತಂತಿ ಹಾಕಿದರು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆ ನಿಂತೇ ಹೋಯಿತು. ತಂತಿ ಹೋದರೂ ಅದರ ಭಾಷೆ ಹ್ಯಾಮ್‌ಗಳ ಹತ್ರ ಉಳಿದಿದೆ. ಮಾತು ಮುಗಿಸುವಾಗ ‘73’ ಅಂತಾರ, ಅಂದ್ರ ಶುಭಾಶಯ. ಪೂರಾ ಮುಗೀತು ಅನ್ನೋದಕ್ಕೆ ‘ಡಿ ಡಿ ಡಿ ಡಾ ಡಿ ಡಾ’, ನಡುವೆ ಬಿಡುವಿಲ್ಲದೆ. ಇದೇ ಎಸ್‌ಕೆ. ದಿನಾ ಸಂಜೆ ಮಾತು ಮುಗಿಸೋಕೆ ಒತ್ತುವ ಗುರುತೇ ಕಡೀಗೆ ಮನುಷ್ಯನ ಹೆಸರಿನ ಮುಂದೂ ಬಂದು ನಿಲ್ತದ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಮೋರ್ಸ್ ಒತ್ತುವ ಪ್ರತಿಯೊಬ್ಬರ ಕೈಗೂ ಒಂದು ಲಯ ಇರ್ತದ. ಒಬ್ಬರು ‘ಡಾ’ವನ್ನು ಸ್ವಲ್ಪ ಎಳೀತಾರೆ, ಇನ್ನೊಬ್ಬರು ಅಕ್ಷರಗಳ ನಡುವೆ ಓಡ್ತಾರೆ. ಹಳಬರು ಕರೆಗುರುತು ಬರೋ ಮೊದಲೇ ‘ಇದು ಅವನೇ’ ಅಂತ ಕೈಯಿಂದ ಗುರುತು ಹಿಡೀತಿದ್ದರು. ಮುಖ ನೋಡಿರೋದಿಲ್ಲ, ದನಿ ಕೇಳಿರೋದಿಲ್ಲ, ಇಪ್ಪತ್ತು ವರ್ಷದ ದೋಸ್ತಿ. ಅಂಥವರು ಹೋದ್ರ ಮಣ್ಣಿಗೆ ಹೋಗೋದು ಎಲ್ಲಿಂದ ಬಂತು? ಎಷ್ಟೋ ಸಲ ಸುದ್ದಿ ಮುಟ್ಟೋದೇ ತಡ. ಕರೀತಾರೆ, ಉತ್ತರ ಬರೋದಿಲ್ಲ. ಮರುದಿನ ಮತ್ತೆ ಕರೀತಾರೆ.

ನಮ್ಮ ಗೋಳಗುಮ್ಮಟ ಇದಕ್ಕ ಪೂರಾ ಉಲ್ಟಾ ನೋಡ್ರಿ. ಅದೂ ಹೋದವರ ನೆನಪಿಗೇ ಕಟ್ಟಿದ್ದು, 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ. ಅಲ್ಲಿ ಪಿಸುಗುಟ್ಟಿದ ಹೆಸರೂ ತಿರುಗಿ ತಿರುಗಿ ಬಂದು ಕಿವಿಗೆ ಬೀಳ್ತದ. ಅದಕ್ಕೇ ಸಾಲಿ ಟ್ರಿಪ್‌ನ ಹುಡುಗರು ಅಲ್ಲಿ ಒದರೋದು. ಒಳಗ ಮಲಗಿದವನ ಹೆಸರು ಕೂಗಿದವರನ್ನ ಮಾತ್ರ ನಾನಿನ್ನೂ ನೋಡಿಲ್ಲ.

(3/5)
ಈಗ ನಮ್ಮ ದೇಶದ ಕಥಿ. 1921ರ ಹೊತ್ತಿಗೆ ಕಲ್ಕತ್ತಾದಲ್ಲಿ ಅಮರೇಂದ್ರ ಚಂದ್ರ ಗುಪ್ತು ಅನ್ನೋರು ‘2ಜೆಕೆ’ ಆದರು, ಮುಕುಲ್ ಬೋಸ್ ‘2ಎಚ್‌ಕ್ಯೂ’ ಆದರು. ಭಾರತದ ಮೊದಲ ಹ್ಯಾಮ್‌ಗಳು ಅಂತ ಎಲ್ಲ ಕಡೆ ಇವರ ಹೆಸರು ಬರ್ತದ. ಸರಿ, ಇವರಿಬ್ಬರು ಮೊದಲ ಸಲ ಮಾತಾಡಿದಾಗ ಏನಂದ್ರು? ಯಾರ ಕೈ ಚುರುಕಿತ್ತು? ಅದೆಲ್ಲ ಇರಬೇಕಾಗಿದ್ದು ಅವರ ಲಾಗ್ ಪುಸ್ತಕದಾಗ. ಸಾಮಾನ್ಯ ಓದುಗರಿಗೆ ಸಿಗೋದು ಒಂದು ಅಂಕಿ, ಎರಡು ಅಕ್ಷರ.

1939ರಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರ ಹೊಸ ಲೈಸೆನ್ಸ್ ನಿಲ್ಲಿಸಿ, ಎಲ್ಲ ಹವ್ಯಾಸಿಗಳೂ ತಮ್ಮ ಸೆಟ್ ಪೊಲೀಸರಿಗೆ ಒಪ್ಪಿಸಬೇಕು ಅಂತ ಆದೇಶ ಕಳಿಸಿತು. ಒಬ್ಬರೂ ಸಾಯದೆ ಇಡೀ ದೇಶದ ಕೀಗಳು ಒಮ್ಮೆಲೇ ಸುಮ್ಮನಾದವು. 1948ರಲ್ಲಿ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು, 1959ರಲ್ಲಿ ಬೆಂಗಳೂರಿನ ಹ್ಯಾಮ್ ಕ್ಲಬ್.

ನಮ್ಮ ನಾಡಿನಲ್ಲಿ ಹವ್ಯಾಸದಿಂದ ರೇಡಿಯೊ ಕಟ್ಟಿದವರು ಅಂದ್ರ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್. 1935ರಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ತರಿಸಿ, ಸ್ವಂತ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಅದು ಊರಿಗೆಲ್ಲ ಕೇಳಿಸೋ ಬಾನುಲಿ, ಹ್ಯಾಮ್‌ಗಳಂಗ ಒಬ್ಬರಿಗೊಬ್ಬರು ಮಾತಾಡೋದಲ್ಲ, ಆದರೆ ಹುಚ್ಚು ಅದೇ. ಆ ನಿಲಯದ ಹೆಸರು ‘ಆಕಾಶವಾಣಿ’. ಆ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಬಂತು. ಕಾಲೇಜಿನಾಗ ನಾಲ್ಕು ಮಂದಿಗೆ ಕೇಳಿ ನೋಡ್ರಿ, ಈ ಪ್ರೊಫೆಸರ್ ಹೆಸರು ಎಷ್ಟು ಮಂದಿ ಹೇಳ್ತಾರ ಅಂತ.

(4/5)
ಬಿಕಾಂ ಹುಡುಗ ನಾನು, ಅದಕ್ಕೇ ಲಾಗ್ ಪುಸ್ತಕ ಕಂಡ್ರ ನನಗೆ ಜರ್ನಲ್ ಕಂಡಂಗ ಆಗ್ತದ. ದಿನಾಂಕ, ಸಮಯ, ಫ್ರೀಕ್ವೆನ್ಸಿ, ಎದುರಿನವರ ಕರೆಗುರುತು, ಸಿಗ್ನಲ್ ಎಷ್ಟು ಸ್ಪಷ್ಟ ಇತ್ತು. ಒಂದು ಮಾತುಕತೆಗೆ ಎರಡು ಎಂಟ್ರಿ: ನಿಮ್ಮ ಪುಸ್ತಕದಾಗ ನಾನು, ನನ್ನ ಪುಸ್ತಕದಾಗ ನೀವು. ವೋಚರ್ ಥರ ಒಂದು ಕಾರ್ಡ್ ಬೇರೆ, ‘ಕ್ಯೂಎಸ್‌ಎಲ್’ ಅಂತಾರ, ‘ಹೌದು, ನಾವು ಮಾತಾಡಿದ್ದು ಖರೆ’ ಅಂತ ಅಂಚೆಯಲ್ಲಿ ಕಳಿಸ್ತಾರೆ. ಆದ್ದರಿಂದ ಒಬ್ಬ ಹ್ಯಾಮ್ ಹೋದರೆ ಅವರ ಲೆಕ್ಕ ಅಲ್ಲಿಗೇ ಮುಗಿಯೋದಿಲ್ಲ, ಎಲ್ಲೋ ದೂರದ ಊರಿನವರ ಪುಸ್ತಕದಾಗ ಉಳಿದಿರ್ತದ. ಹಂಗೇ ಒಬ್ಬರ ಪುಸ್ತಕ ರದ್ದಿಗೆ ಹೋದರೆ, ಅವರ ಜೊತೆಗೆ ಅವರು ಮಾತಾಡಿಸಿದ ನೂರಾರು ಮಂದಿಯೂ ಹೋಗ್ತಾರೆ. ಸೆಟ್‌ಗಾದರೂ ಕಾನೂನಿನ ಕಾವಲಿತ್ತು: 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯಿಂದಲೂ ಲೈಸೆನ್ಸ್ ಇಲ್ಲದವರು ಅದನ್ನು ಇಟ್ಟುಕೊಳ್ಳೋ ಹಂಗಿರಲಿಲ್ಲ, ಮನೆಯವರು ಮತ್ತೊಬ್ಬ ಹ್ಯಾಮ್‌ಗೆ ಕೊಡಬೇಕಿತ್ತು. ಪುಸ್ತಕಕ್ಕೆ ಅಂಥ ಕಾವಲು ಯಾವುದೂ ಇಲ್ಲ. ಕಿಲೋ ಲೆಕ್ಕದಲ್ಲಿ ಹೋಗ್ತದ.

ಕರೆಗುರುತು ಏನಾಗ್ತದ ಅಂತೀರಾ? ಅಮೆರಿಕದಲ್ಲಿ ಹ್ಯಾಮ್ ತೀರಿಕೊಂಡರೆ ಅದನ್ನು ಎರಡು ವರ್ಷ ಹೊರಗಿನವರಿಗೆ ಕೊಡೋದಿಲ್ಲ. ಹತ್ತಿರದ ಸಂಬಂಧಿಕರು ಕೇಳಿದರೆ, ಇಲ್ಲಾ ಅವರ ಒಪ್ಪಿಗೆಯಿಂದ ಯಾವುದಾದರೂ ಕ್ಲಬ್ ನೆನಪಿಗಾಗಿ ಕೇಳಿದರೆ ಕೊಡ್ತಾರೆ. ನಮ್ಮ ಮೊಬೈಲ್ ನಂಬರ್‌ಗೆ ಇರೋ ಗಡುವು ಬರೀ 90 ದಿನ. ನನ್ನ ಜೊತೆ ಪಿಯುಸಿ ಓದಿದ ಗೆಳೆಯನೊಬ್ಬ ಹೋಗಿ ವರ್ಷದ ಮ್ಯಾಲಾತು. ಅವನ ಹೆಸರಿನ ಕೆಳಗೆ ಈಗ ಯಾರದೋ ಟ್ರ್ಯಾಕ್ಟರ್‌ನ ಡಿಪಿ ಬರ್ತದ. ಡಿಲೀಟ್ ಮಾಡೋಕೆ ಮನಸ್ಸು ಬಂದಿಲ್ಲ. ಎರಡು ವರ್ಷದ ರೂಲ್ ಮಾಡಿದವರಿಗೆ ಈ ಸಂಕಟ ಗೊತ್ತಿತ್ತು ಅನ್ನಿಸ್ತದ.

(5/5)
ದೊಡ್ಡವರ ಕರೆಗುರುತು ಹೆಂಗೋ ಉಳೀತದ. ರಾಜೀವ್ ಗಾಂಧಿ ‘ವಿಯು2ಆರ್‌ಜಿ’. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಹತ್ಯೆಯಾದ ಮಾಜಿ ಪ್ರಧಾನಿ ಅಂತ ನಾವು ಓದ್ತೀವಿ, ಹ್ಯಾಮ್‌ಗಳ ಪಟ್ಟಿಯಲ್ಲಿ ಅವರೂ ಒಬ್ಬ ಸೈಲೆಂಟ್ ಕೀ. 2003ರಲ್ಲಿ ಕೊಲಂಬಿಯಾ ನೌಕೆಯ ಜೊತೆ ಹೋದ ಕಲ್ಪನಾ ಚಾವ್ಲಾಗೂ ‘ಕೆಡಿ5ಇಎಸ್‌ಐ’ ಅನ್ನೋ ಕರೆಗುರುತಿತ್ತು. ಜೋರ್ಡಾನ್ ದೊರೆ ಹುಸೇನ್ ‘ಜೆವೈ1’ ಆಗಿದ್ದರು. 1999ರಲ್ಲಿ ತೀರಿಕೊಂಡರು. 2018ರಲ್ಲಿ ಆ ದೇಶ ಹಾರಿಸಿದ ಪುಟ್ಟ ಹ್ಯಾಮ್ ಉಪಗ್ರಹಕ್ಕೆ ಅದೇ ಕರೆಗುರುತು ಇಟ್ಟರು.

ದೊರೆಗೆ ಉಪಗ್ರಹ ಆಯಿತು. ಮಾಸ್ತರಕಿ ಮಾಡಿಕೊಂಡು, ರಾತ್ರಿ ಮಾಳಿಗೆ ಮ್ಯಾಲೆ ತಂತಿ ಕಟ್ಟಿ, ಬೆಳಗಿನ ತನಕ ಕರೀತಾ ಕೂತವರಿಗೆ ಏನದ? ಎಲ್ಲೋ ಒಂದು ಟ್ರಂಕಿನಾಗ ಅವರ ಪುಸ್ತಕ ಅದ.

ಅದಕ್ಕ ಒಂದು ಕೆಲಸ ಹೇಳ್ತೀನಿ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಆ ಕಡೆ ಜತ್ತ, ಸೊಲ್ಲಾಪುರ, ಎಲ್ಲೇ ಇರಲಿ, ನಿಮ್ಮ ಮನೆಯ ಹಿರಿಯರು ಯಾರಾದರೂ ಹ್ಯಾಮ್ ಆಗಿದ್ದರೆ, ದೀಪಾವಳಿಗೆ ಮನಿ ಸ್ವಚ್ಛ ಮಾಡೋ ಮೊದಲು ಟ್ರಂಕ್ ತೆಗೀರಿ. ಲಾಗ್ ಪುಸ್ತಕ ಸಿಕ್ಕರೆ ಪುಟಪುಟ ಫೋಟೊ ತೆಗೆದು ಇಟ್ಕೊಳ್ಳಿ. ಮೊದಲ ಪುಟದಾಗ ಅವರ ಹೆಸರು, ಕರೆಗುರುತು, ಹುಟ್ಟಿದ ವರ್ಷ, ಹೋದ ವರ್ಷ ಬರೀರಿ. ಕಾರ್ಡ್ ಗುರುತು ಹಿಡಿಯೋದು ಸುಲಭ: ಪೋಸ್ಟ್‌ಕಾರ್ಡ್‌ನಷ್ಟೇ ಇರ್ತಾವ, ಮುಂದೆ ದಪ್ಪ ಅಕ್ಷರದಾಗ ಕಳಿಸಿದವರ ಕರೆಗುರುತು, ಹಿಂದೆಯೋ ಮೂಲೆಯಲ್ಲೋ ಸಣ್ಣದಾಗಿ ‘ವಿಯು2’ ಅಂತ ಶುರುವಾಗೋ ನಿಮ್ಮ ಅಜ್ಜಂದು.