ಎಂಟ್ರೋಪಿ ಮತ್ತು ಸೂಕ್ಷ್ಮಸ್ಥಿತಿಗಳು

ವಸ್ತುವಿನ ತಾಪ, ಒತ್ತಡ, ಗಾತ್ರಗಳನ್ನು ಹೊರಗಿನಿಂದ ಅಳೆಯಬಹುದು. ಆ ಅಳತೆಗಳು ಕೊಂಚವೂ ಬದಲಾಗದಂತೆ ಒಳಗಿನ ಅಣುಗಳು ಅಸಂಖ್ಯ ಬಗೆಗಳಲ್ಲಿ ನೆಲೆಸಿರಬಹುದು, ಶಕ್ತಿಯನ್ನು ಹಂಚಿಕೊಂಡಿರಬಹುದು. ಅಂಥ ಪ್ರತಿಯೊಂದು ಬಗೆಯೂ ಒಂದು ಸೂಕ್ಷ್ಮಸ್ಥಿತಿ. ಅವುಗಳ ಸಂಖ್ಯೆ ಹೆಚ್ಚಿದಂತೆ ಎಂಟ್ರೋಪಿಯೂ ಹೆಚ್ಚುತ್ತದೆ.

ಈ ನಂಟನ್ನು 1877ರಲ್ಲಿ ತೋರಿಸಿಕೊಟ್ಟವರು ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್ (1844–1906). ಸೂಕ್ಷ್ಮಸ್ಥಿತಿಗಳ ಸಂಖ್ಯೆಯ ಸ್ವಾಭಾವಿಕ ಲಾಗರಿತಮ್ ತೆಗೆದು, ಕೆಲ್ವಿನ್‌ಗೆ 1.380649 × 10⁻²³ ಜೂಲ್ ಎಂಬ ಸ್ಥಿರಾಂಕದಿಂದ ಗುಣಿಸಿದರೆ ಎಂಟ್ರೋಪಿ ಸಿಗುತ್ತದೆ. ಸೂತ್ರಕ್ಕೆ ಇಂದಿನ ರೂಪ ಕೊಟ್ಟವರು ಮ್ಯಾಕ್ಸ್ ಪ್ಲಾಂಕ್. ವಿಯೆನ್ನಾದಲ್ಲಿರುವ ಬೋಲ್ಟ್ಸ್‌ಮನ್ ಸಮಾಧಿಯ ಮೇಲೆ ಅದನ್ನು ಕೆತ್ತಲಾಗಿದೆ. ಎರಡು ವಸ್ತುಗಳನ್ನು ಒಟ್ಟಾಗಿ ಪರಿಗಣಿಸಿದಾಗ ಅವುಗಳ ಸೂಕ್ಷ್ಮಸ್ಥಿತಿಗಳ ಸಂಖ್ಯೆಗಳು ಗುಣಿಸಿಕೊಳ್ಳುತ್ತವೆ, ಎಂಟ್ರೋಪಿಗಳು ಕೂಡಿಕೊಳ್ಳುತ್ತವೆ. ಲಾಗರಿತಮ್ ಬೇಕಾಗಿರುವುದು ಇದಕ್ಕಾಗಿಯೇ.

ಎಂಟ್ರೋಪಿ ಎಂದರೆ ಅವ್ಯವಸ್ಥೆ ಎಂದು ಪಠ್ಯಪುಸ್ತಕಗಳು ಹೇಳುವುದುಂಟು. ಕಣ್ಣಿಗೆ ಕಾಣುವ ಅಚ್ಚುಕಟ್ಟುತನವನ್ನು ನೋಡಿ ಎಂಟ್ರೋಪಿಯನ್ನು ಅಳೆಯಲಾಗದು, ಎಣಿಕೆಯನ್ನೇ ನಂಬಬೇಕು. ಇದಕ್ಕೆ ಮಂಜುಗಡ್ಡೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪರಿಪೂರ್ಣ ಸ್ಫಟಿಕಕ್ಕೆ 0 ಕೆಲ್ವಿನ್‌ನಲ್ಲಿ ಒಂದೇ ಸೂಕ್ಷ್ಮಸ್ಥಿತಿ. ಆದ್ದರಿಂದ ಎಂಟ್ರೋಪಿ ಸೊನ್ನೆ. ಮಂಜುಗಡ್ಡೆ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅದರಲ್ಲಿ ಆಕ್ಸಿಜನ್ ಪರಮಾಣುಗಳ ಜೋಡಣೆ ಕ್ರಮಬದ್ಧ. ಪ್ರತಿ ಆಕ್ಸಿಜನ್‌ಗೂ ನಾಲ್ಕು ಆಕ್ಸಿಜನ್ ನೆರೆಯವು, ಪ್ರತಿ ಕೊಂಡಿಯ ಮೇಲೂ ಒಂದು ಹೈಡ್ರೋಜನ್. ಹೀಗೆ ಸುತ್ತಲಿರುವ ನಾಲ್ಕು ಹೈಡ್ರೋಜನ್‌ಗಳಲ್ಲಿ ಎರಡು ಹತ್ತಿರ, ಎರಡು ದೂರ ಇರಬೇಕು. ಯಾವ ಎರಡು ಎಂಬುದಕ್ಕೆ ಕಟ್ಟಳೆಯಿಲ್ಲ. 1935ರಲ್ಲಿ ಲೈನಸ್ ಪಾಲಿಂಗ್ ಇದನ್ನು ಎಣಿಸಿದರು. ಒಂದು ಅಣು ತನ್ನ ಎರಡು ಹೈಡ್ರೋಜನ್‌ಗಳನ್ನು ಆರು ಬಗೆಯಲ್ಲಿ ಚಾಚಬಲ್ಲದು. ಆಯಾ ಕೊಂಡಿಯನ್ನು ನೆರೆಯ ಅಣು ಖಾಲಿ ಬಿಟ್ಟಿರುವ ಸಾಧ್ಯತೆ ಅರ್ಧ. ಎರಡೂ ಖಾಲಿ ಇರುವ ಸಾಧ್ಯತೆ ಕಾಲು. ಅಲ್ಲಿಗೆ ಅಣುವೊಂದಕ್ಕೆ ಉಳಿಯುವುದು ಸರಾಸರಿ ಒಂದೂವರೆ ಬಗೆ. ಇದರಿಂದ ಬರುವ ಎಂಟ್ರೋಪಿ ಮೋಲ್‌ಗೆ, ಕೆಲ್ವಿನ್‌ಗೆ 3.37 ಜೂಲ್. ಮರುವರ್ಷ ಬರ್ಕ್ಲಿಯಲ್ಲಿ ವಿಲಿಯಂ ಜಿಯೋಕ್ ಮತ್ತು ಸ್ಟೌಟ್ ಮಂಜುಗಡ್ಡೆಯ ಉಷ್ಣಧಾರಕತೆಯನ್ನು ಅಳೆದಾಗ 0 ಕೆಲ್ವಿನ್‌ನಲ್ಲೂ ಉಳಿಯುವ ಈ ಎಂಟ್ರೋಪಿ (ಉಳಿಕೆ ಎಂಟ್ರೋಪಿ) ಸುಮಾರು 3.4 ಜೂಲ್ ಎಂದು ಕಂಡುಬಂತು. ಕಾಗದದ ಮೇಲಿನ ಇಷ್ಟು ಸರಳ ಎಣಿಕೆ ಪ್ರಯೋಗಕ್ಕೆ ಇಷ್ಟು ಸಮೀಪ ಬಂದ ನಿದರ್ಶನ ರಸಾಯನವಿಜ್ಞಾನದಲ್ಲಿ ಅಪರೂಪ.

ಇಂಥದೇ ಉಳಿಕೆ ಕಾರ್ಬನ್ ಮಾನಾಕ್ಸೈಡ್‌ನಲ್ಲೂ ಇದೆ. ಅದರ ಅಣುವಿನ ಎರಡು ತುದಿಗಳಿಗೆ ಹೆಚ್ಚು ವ್ಯತ್ಯಾಸವಿಲ್ಲದ ಕಾರಣ, ಹೆಪ್ಪುಗಟ್ಟುವಾಗ ಅದು ಯಾವ ಕಡೆಗಾದರೂ ಮುಖ ಮಾಡುತ್ತದೆ. ಪೂರ್ತಿ ಯಾದೃಚ್ಛಿಕವಾಗಿದ್ದರೆ ಉಳಿಕೆ 5.76 ಜೂಲ್ ಆಗಬೇಕಿತ್ತು. ಅಳತೆಯಲ್ಲಿ ತುಸು ಕಡಿಮೆ ಸಿಗುತ್ತದೆ.

1999ರಲ್ಲಿ ಡಿಸ್ಪ್ರೋಸಿಯಂ ಟೈಟನೇಟ್ ಎಂಬ ಕಾಂತೀಯ ಸ್ಫಟಿಕದಲ್ಲೂ ಪಾಲಿಂಗ್ ಲೆಕ್ಕಕ್ಕೆ ಹೊಂದುವ ಉಳಿಕೆ ಎಂಟ್ರೋಪಿ ಕಂಡುಬಂತು. ಇಂಥ ವಸ್ತುಗಳಿಗೆ ಈಗ ‘ಸ್ಪಿನ್ ಐಸ್’ ಎಂಬ ಹೆಸರಿದೆ.